ಇಳೀಬೇಡಿ ಭಾವ

ಜೇಬಿಲ್ಲದ ಅಂಗಿ ತನ್ನ ಹತ್ತಿರ ಒಂದೂ ಇಲ್ಲವೆಂದು ಊರಿಂದ ಬಂದಿದ್ದ ಭಾವ ಮಹಡಿಯಿಂದ ಕೂಗಿ ಹೇಳಿದಾಗ ಉಮಾನಾಥ ಅಡುಗೆಮನೆಯಲ್ಲಿ ನಿಂತು ಟೋಸ್ಟರಿನ ಹೊಳಪಿನಲ್ಲಿ ತನ್ನ ಮುಖ ನೋಡುತ್ತಿದ್ದ. ಟೋಸ್ಟರು ಉಬ್ಬಿದ ಕಡೆ ಮುಖವೂ ಉಬ್ಬಿ, ಬಾಯಿ ಮಾತ್ರ ಹೊಲಿದು ಮುಚ್ಚಿದಂತೆ ಸಣ್ಣದಾಗಿ ಕಾಣುತ್ತಿತ್ತು. ಇನ್ನೆರಡು ಗಂಟೆಯಲ್ಲಿ ಅಧಿಕಾರಿಯೊಬ್ಬರ ಎದುರು ಕೂತು ಹೇಳಿಕೆ ಕೊಡಬೇಕಾದವನ ಮುಖ ಹೀಗಿರುತ್ತದೆಯೋ, ಅರವತ್ತರ ಹತ್ತಿರ ಬಂದವರೆಲ್ಲರ ಮುಖವೂ ಟೋಸ್ಟರಿನಲ್ಲಿ ಹೀಗೇ ಇರುತ್ತದೆಯೋ ತಿಳಿಯಲಿಲ್ಲ. "ಜೇಬು ನಿಂಗೆ ಎಂತ ಮಾಡಿದೆ ಮಾರಾಯ?" ಎನ್ನುತ್ತ ಭಾವ ಮೆಟ್ಟಿಲ ತುದಿಗೆ ಬಂದು ನಿಂತರು. ಗರಿಗರಿ ಇಸ್ತ್ರಿಯ ಬಿಳಿ ಅಂಗಿ, ಎಡಗಡೆ ಜೇಬು, ಜೇಬಿಗೆ ಸಿಕ್ಕಿಸಿದ ಪೆನ್ನು. ಬಲಗೈಯನ್ನು ಮಾತ್ರ ಹೊಟ್ಟೆಯ ಹತ್ತಿರ ಮಡಚಿ ಹಿಡಿದಿದ್ದರು; ಎರಡು ತಿಂಗಳಿಂದ ಆ ಭುಜ ಅದಕ್ಕಿಂತ ಮೇಲೆ ಏಳುತ್ತಿರಲಿಲ್ಲ. "ಜೇಬಿಲ್ಲದ ಅಂಗಿ ಹಾಕ್ಲಿಕ್ಕೆ ನಾನೇನು ಈಜ್ಲಿಕ್ಕೆ ಹೊರಟದ್ದಾ?" ಸೋಫಾದ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದ ಲೀಲಕ್ಕ, "ಅವ ನಿಮ್ಮ ಒಳ್ಳೇದಕ್ಕೇ ಹೇಳಿದ್ದಲ್ವಾ," ಎಂದು ತಮ್ಮನ ಪರ ವಹಿಸಿದಳು. ಅವಳು ತನ್ನ ಪರ ವಹಿಸಿದಾಗಲೆಲ್ಲ ಉಮಾನಾಥನಿಗೆ ಎಂಟನೇ ಕ್ಲಾಸಿನಲ್ಲಿದ್ದಂತೆ ಆಗುತ್ತಿತ್ತು. "ಜೇಬು ಇರ್ಲಿ ಭಾವ, ಒಳಗೆ ಏನೂ ಬೇಡ ಅಷ್ಟೇ," ಎಂದ. ಭಾವ ಎಡಗೈಯಿಂದ ಪೆನ್ನು ತೆಗೆದು ಊಟದ ಮೇಜಿನ ಮೇಲಿಟ್ಟು, ಜೇಬನ್ನು ಎರಡು ಬೆರಳಲ್ಲಿ ಅಗಲಿಸಿ ತೋರಿಸಿ, "ಆಯ್ತಾ ಸರ್?" ಎಂದರು. ಲೀಲಕ್ಕ ನಕ್ಕಳು. ಭಾವನೂ ನಕ್ಕರು. ಸಬ್ ಇನ್ಸ್‌ಪೆಕ್ಟರಾಗಿ ನಿವೃತ್ತರಾದ ವಿಶ್ವೇಶ್ವರ ಯಾರಿಗಾದರೂ 'ಸರ್' ಎಂದರೆ ಅದು ಗೌರವವಲ್ಲ, ಎದುರಿದ್ದವನನ್ನು ಅವನ ಜಾಗದಲ್ಲಿ ಕೂರಿಸುವ ರೀತಿ ಎಂಬುದು ಉಡುಪಿಯ ಕಡೆ ಎಲ್ಲರಿಗೂ ಗೊತ್ತಿತ್ತು.

ಮನೆಯಿದ್ದ ಪೊವೇಯಿಂದ ಇಳಿದು ಹೆದ್ದಾರಿ ಸೇರುವವರೆಗೂ ಉಮಾನಾಥ ಕಾರಿನ ಕನ್ನಡಿಯನ್ನೇ ನೋಡಿದ. ನಿಧಾನವಾಗಿ ಹೋಗುವವರ ಬಲಗಡೆಯ ಲೇನು ಹಿಡಿದು, ಫಲಕದಲ್ಲಿ ಬರೆದ ವೇಗವನ್ನು ಕೂದಲೆಳೆಯಷ್ಟೂ ಮೀರದೆ ಹೋಗುತ್ತಿದ್ದುದರಿಂದ ಹಿಂದಿನವರೆಲ್ಲ ಹಾರನ್ ಹೊಡೆದು, ಮುಂದೆ ಹೋಗುವಾಗ ತಿರುಗಿ ನೋಡುತ್ತಿದ್ದರು. ಈ ದೇಶದಲ್ಲಿ ವೇಗದ ಮಿತಿಯನ್ನು ಅಕ್ಷರಶಃ ಪಾಲಿಸುವವನಷ್ಟು ಅನುಮಾನ ಹುಟ್ಟಿಸುವವನು ಬೇರೆ ಇಲ್ಲ. "ಎತ್ತಿನ ಗಾಡಿ ಆದ್ರೆ ನಾನೂ ಓಡಿಸ್ತಿದ್ದೆ," ಎಂದರು ಭಾವ. ಅಷ್ಟರಲ್ಲಿ ಗ್ಲೆಂಡೇಲಿನಿಂದ ನಿಶಾಳ ಫೋನು ಕಾರಿನೊಳಗೆಲ್ಲ ಗುಡುಗಿತು. ಬಾಡಿಗೆದಾರರ ಪರ ವಾದಿಸುವ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಮಗಳು. ದೂರು ಬರೆದು ಕಳಿಸಿದವಳೂ ಅವಳೇ, ಕೇಸಿನ ಸಂಖ್ಯೆ ಬಾಯಿಪಾಠ ಹೇಳುವವಳೂ ಅವಳೇ. "ಡ್ಯಾಡ್, ಯು ಆರ್ ದಿ ಓನ್ಲಿ ವಿಟ್‌ನೆಸ್, ಓಕೆ?" "ಗೊತ್ತುಂಟು." "ಆ ಪೊಲೀಸಿನ ಕ್ಯಾಮೆರಾದಲ್ಲಿ ಫಸ್ಟ್ ಪಾರ್ಟ್ ಸೌಂಡ್ ಇಲ್ಲ. ಸೋ ಜಸ್ಟ್ ಸೇ ವಾಟ್ ಯು ಹರ್ಡ್. ದಟ್ಸ್ ಆಲ್." "ಹೂಂ." "ಮಾವ, ಡೋಂಟ್ ಬಿ ನೈಸ್ ಟು ದೆಮ್!" ಭಾವ ಕನ್ನಡಿಯ ಕೆಳಗಿದ್ದ ಮೈಕಿನ ತೂತಿಗೆ ಬಾಗಿ, "ನಾನು ಯಾವಾಗ ನೈಸ್ ಇದ್ದದ್ದು ಪುಟ್ಟೀ?" ಎಂದರು. ಫೋನು ಸತ್ತ ಮೇಲೆ ಕಾರಿನಲ್ಲಿ ಎಸಿಯ ಸದ್ದು ಮಾತ್ರ ಉಳಿಯಿತು. ಜಸ್ಟ್ ಸೇ ವಾಟ್ ಯು ಹರ್ಡ್. ಎರಡು ಸಾವಿರದ ಇಪ್ಪತ್ತರ ಬೇಸಿಗೆಯಲ್ಲಿ ಇದೇ ಹುಡುಗಿ ಲಾಸ್ ಏಂಜಲೀಸಿನ ರಸ್ತೆಗಳಲ್ಲಿ ಪೊಲೀಸರ ವಿರುದ್ಧ ಫಲಕ ಹಿಡಿದು ಕೂಗಿ, ಸ್ವರ ಕಳೆದುಕೊಂಡು ಮನೆಗೆ ಬಂದು, ಮಾಸ್ಕನ್ನು ಗಲ್ಲಕ್ಕಿಳಿಸಿ ಗಂಜಿ ಉಣ್ಣುತ್ತಿದ್ದಾಗ ಅವನು ಮೊಸರು ಬಡಿಸುತ್ತಾ ಹೇಳಿದ್ದ: ನಾವು ನೆಟ್ಟಗಿದ್ರೆ ಅವರು ನಮ್ಮನ್ನು ಯಾಕೆ ಮುಟ್ತಾರೆ? ಕನ್ನಡ ಸಂಘದ ವಾಟ್ಸಾಪಿನಲ್ಲಿ ಆ ವಾರ ನೂರು ಜನ ನೂರು ರೀತಿಯಲ್ಲಿ ಅದನ್ನೇ ಹೇಳಿದ್ದರು, ಕೆಳಗೆ ಕೈಮುಗಿದ ಚಿತ್ರ ಹಾಕಿ. ನಿಶಾ ಚಮಚ ಕೆಳಗಿಟ್ಟು, ಅವನ ಬಗ್ಗೆ ಕನಿಕರ ಪಟ್ಟವಳಂತೆ, "ಯು ಥಿಂಕ್ ದೇ ಚೆಕ್ ಫಸ್ಟ್?" ಎಂದಿದ್ದಳು. ಅಷ್ಟೇ. ಆಮೇಲೆ ಉಪ್ಪಿನಕಾಯಿ ಕೇಳಿದ್ದಳು.

ಎರಡು ತಿಂಗಳ ಹಿಂದಿನ ಆ ದಿನವೂ ಇಂಥದೇ ಬಿಸಿಲು. ಟೊರ್ರಿ ಪೈನ್ಸಿನ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದ ಗೆಳೆಯ ಅರವಿಂದ ಊಟಕ್ಕೆ ಕರೆದಿದ್ದ. ಕಡಲು ಕಾಣುವ ಕ್ಯಾಂಟೀನು, ಅರವಿಂದನ ಜೊತೆ ಕೆಲಸ ಮಾಡುವ ನಾಲ್ಕು ಜನ. ಭಾವ ಎಲ್ಲರಿಗೂ ಉಮಾನಾಥನ ಬಸ್ಕಿಯ ಕಥೆ ಹೇಳಿದ್ದರು, ಇಂಗ್ಲಿಷಿನಲ್ಲಿ, ಅಭಿನಯ ಸಮೇತ. ಕಾಲೇಜಿನಲ್ಲಿದ್ದ ಉಮಾನಾಥ ಲೈಸೆನ್ಸಿಲ್ಲದೆ ಇಬ್ಬರನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹೋಗುತ್ತಿದ್ದುದು, ಭಾವನ ಕೈಗೇ ಸಿಕ್ಕಿದ್ದು, ಸ್ಟೇಷನ್ನಿನ ಅಂಗಳದಲ್ಲಿ ಕಾನ್‌ಸ್ಟೆಬಲ್‌ಗಳ ಎದುರು ಕಿವಿ ಹಿಡಿದು ಬಸ್ಕಿ ಹೊಡೆದದ್ದು. "ಬ್ರದರ್ ಇನ್ ಲಾ! ಬಟ್ ಲಾ ಈಸ್ ಲಾ!" ಎಂದು ಭಾವ ಮೇಜು ಕುಟ್ಟಿದಾಗ ಎಲ್ಲರೂ ನಕ್ಕಿದ್ದರು; ಒಬ್ಬಳು ಮಾತ್ರ ನಗಬಹುದೇ ಎಂದು ಕೇಳುವಂತೆ ಉಮಾನಾಥನನ್ನು ನೋಡಿದ್ದಳು. ಅವನು ನಕ್ಕು ಅನುಮತಿ ಕೊಟ್ಟಿದ್ದ. ಆ ಅಂಗಳದ ಜಲ್ಲಿ ಈಗಲೂ ಅವನ ಅಂಗಾಲಿಗೆ ಗೊತ್ತಿತ್ತು, ಚಪ್ಪಲಿ ಬಿಚ್ಚಿಸಿದ್ದರು. ಎಣಿಸುತ್ತಿದ್ದ ಕಾನ್‌ಸ್ಟೆಬಲ್ ನಡುವೆ ಬೀಡಿ ಹಚ್ಚಲು ಹೋಗಿ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದ್ದ. ಕಿಟಕಿಯ ಒಳಗೆ ಭಾವ ಚಹಾ ಕುಡಿಯುತ್ತಿದ್ದರು. ಸಂಜೆ ಮನೆಗೆ ಬಂದು, ಏನೂ ಆಗದವರಂತೆ ಅವನ ತಟ್ಟೆಗೇ ಮೀನಿನ ದೊಡ್ಡ ತುಂಡು ಹಾಕಿದ್ದರು.

ವಾಪಸು ಬರುವಾಗ, ನಡುವೆ ಸಿಗುವ ಒಂದು ಪುಟ್ಟ ಊರಿನಲ್ಲಿ, ತನ್ನದೇ ಪೊಲೀಸು, ತನ್ನದೇ ಗುಲಾಬಿ ತೋಟ ಇರುವಂಥ ಊರು, ಸ್ಟಾಪ್ ಸೈನಿನಲ್ಲಿ ಅವನು ಪೂರ್ತಿ ನಿಲ್ಲಿಸಲಿಲ್ಲ. ಬಸ್ಕಿ ಲೆಕ್ಕ ಹಾಕುತ್ತಿದ್ದಿರಬೇಕು. ಹಿಂದೆ ಕೆಂಪು ನೀಲಿ ದೀಪ ಹೊತ್ತಿಕೊಂಡಿತು. ಪಕ್ಕಕ್ಕೆ ಹಾಕಿ, ಎಂಜಿನ್ ಆರಿಸಿ, ಕಿಟಕಿ ಇಳಿಸಿ, ಎರಡೂ ಕೈಯನ್ನು ಸ್ಟೀರಿಂಗಿನ ಮೇಲಿಟ್ಟು ಕೂತ. ಮೂವತ್ತು ವರ್ಷದ ಹಿಂದೆ ಇಲ್ಲಿಗೆ ಓದಲು ಬಂದ ಮೊದಲ ವಾರ ಸೀನಿಯರ್ ಗೋಪಿನಾಥ್ ಕಲಿಸಿಕೊಟ್ಟ ಪಾಠ: ಪೊಲೀಸ್ ನಿಲ್ಲಿಸಿದನೋ, ಕಲ್ಲಾಗಿಬಿಡು, ಇಳಿಯಬೇಡ, ಕೈ ಕಾಣಿಸುತ್ತಿರಲಿ, ಅವನು ಕೇಳುವವರೆಗೆ ಲೈಸೆನ್ಸ್ ಕೂಡ ತೆಗೆಯಬೇಡ. ನಿಶಾಗೆ ಹದಿನಾರಾದಾಗ ಅವನು ಮನೆಯ ಮುಂದೆಯೇ ಕಾರು ನಿಲ್ಲಿಸಿ, ತಾನೇ ಪೊಲೀಸಾಗಿ ನಟಿಸಿ, ಅವಳಿಗೆ ಇದನ್ನು ಅಭ್ಯಾಸ ಮಾಡಿಸಿದ್ದ. ಊರಿಂದ ಬಂದವರಿಗೂ ಹೇಳುತ್ತಿದ್ದ, ಬಿಸಿನೀರಿನ ನಲ್ಲಿ ಯಾವ ಕಡೆ ತಿರುಗಿಸಬೇಕು ಎಂದು ಹೇಳುವಾಗ ಅದರ ಜೊತೆಗೇ. ಭಾವನಿಗೆ ಹೇಳಿರಲಿಲ್ಲ. ಪೊಲೀಸಿನವರಿಗೆ ಪೊಲೀಸಿನ ಬಗ್ಗೆ ಯಾರು ಹೇಳುತ್ತಾರೆ. ನಮ್ಮ ಕಡೆ ಪೊಲೀಸು ಕೈ ತೋರಿಸಿದರೆ ಇಳಿಯಬೇಕು. ಇಳಿದು, ಅವನಿರುವಲ್ಲಿಗೆ ನಾವೇ ನಡೆದು ಹೋಗಿ, ಸ್ವಲ್ಪ ನಗಬೇಕು. ಅವನು ನಿಂತಿರುವಾಗ ಸೀಟಿನಲ್ಲೇ ಕೂತು ಕಿಟಕಿಯಿಂದ ಮಾತಾಡುವವನು ಮಂತ್ರಿಯ ಮಗನಾಗಿರಬೇಕು, ಇಲ್ಲವೇ ಪೆಟ್ಟು ತಿನ್ನಲು ಹುಟ್ಟಿದವನಾಗಿರಬೇಕು. ಹಾಗೆ ಕೂತೇ ಇದ್ದ ಎಷ್ಟು ಜನರ ಕೊರಳಪಟ್ಟಿಗೆ ಭಾವ ಕೈ ಹಾಕಿದ್ದರೋ. "ನೀನು ಕೂತ್ಕೋ, ನಾನು ಮಾತಾಡ್ತೇನೆ. ಡಿಪಾರ್ಟ್‌ಮೆಂಟಿನವರಿಗೆ ಡಿಪಾರ್ಟ್‌ಮೆಂಟಿನವರು ಗೊತ್ತಾಗ್ತದೆ," ಎಂದು ಅವರು ಬೆಲ್ಟು ಬಿಚ್ಚಿದರು. ಕಟ್ ಎಂದಿತು.

ಬೆಲ್ಟಿನ ಆ ಸದ್ದಿಗೂ ಬಾಗಿಲು ತೆರೆದ ಸದ್ದಿಗೂ ನಡುವೆ ಒಂದು ಕ್ಷಣವಿತ್ತು. ಇಳೀಬೇಡಿ ಭಾವ. ಎರಡೇ ಮಾತು. ನಾಲಿಗೆಯ ಮೇಲೆ ಬಂದು ನಿಂತಿದ್ದವು, ಅವುಗಳ ರುಚಿ ಕೂಡ ಗೊತ್ತಾಗಿತ್ತು. ಅವನು ಹೇಳಲಿಲ್ಲ. ಯಾಕೆಂದು ಎರಡು ತಿಂಗಳು ತನ್ನನ್ನು ತಾನೇ ಕೇಳಿಕೊಂಡಿದ್ದ. ವೈದ್ಯಕೀಯ ಕೊಳವೆ ತಯಾರಿಸುವ ಕಂಪನಿಯಲ್ಲಿ ಕ್ವಾಲಿಟಿ ಮ್ಯಾನೇಜರನಾಗಿ ಎಲ್ಲ ದೋಷಕ್ಕೂ ಮೂಲ ಕಾರಣ ಹುಡುಕುವುದೇ ಅವನ ವೃತ್ತಿ. ಗಾಬರಿ ಎಂದು ಬರೆದುಕೊಂಡ, ಹೊಡೆದು ಹಾಕಿದ. ಸಮಯವಿರಲಿಲ್ಲ ಎಂದು ಬರೆದುಕೊಂಡ, ಇತ್ತು. ಹಿಂದಿನಿಂದ "ಸ್ಟೇ ಇನ್ ದ ಕಾರ್!" ಎಂಬ ಕೂಗು, ಒಂದೇ ಒಂದು ಸಲ, ಸ್ಪಷ್ಟವಾಗಿ, ಬಾಗಿಲು ಅರ್ಧ ತೆರೆದಿದ್ದಾಗ ಕೇಳಿಸಿತು. ಆ ಕೂಗನ್ನಾದರೂ ಕನ್ನಡದಲ್ಲಿ ದಾಟಿಸಬಹುದಿತ್ತು. ಕನ್ನಡಿಯಲ್ಲಿ ಭಾವ ನಡೆದು ಹೋಗುತ್ತಿದ್ದರು, ಆರಾಮಾಗಿ, ಮದುವೆಮನೆಯಲ್ಲಿ ಬೀಗರನ್ನು ಮಾತಾಡಿಸಲು ಹೋಗುವವರಂತೆ. ನಿಂತರು. ಹಣೆಯತ್ತ ಕೈಯೆತ್ತಿ ಅರ್ಧ ಸಲ್ಯೂಟು ಹೊಡೆದರು. ಆಮೇಲೆ ಆ ಕೈ ಜೇಬಿಗೆ ಹೋಯಿತು, ನಿವೃತ್ತ ಅಧಿಕಾರಿಗಳ ಗುರುತಿನ ಕಾರ್ಡಿಗೆ. ಮುಂದಿನದು ಕನ್ನಡಿಯಲ್ಲಿ ಪೂರ್ತಿ ಹಿಡಿಸಲಿಲ್ಲ. ಭಾವನ ಅರ್ಧ ಮುಖ ಡಾಂಬರಿನ ಮೇಲೆ ಕಂಡಿತು, ಬೆನ್ನಿನ ಮೇಲೆ ಒಂದು ಮೊಣಕಾಲು. ಮತ್ತು ಉಮಾನಾಥನ ಎದೆಯ ಕೆಳಗೆಲ್ಲೋ, ನಗುವಿಗಿಂತ ಮೊದಲು ಆಗುವ ಒಂದು ಸಣ್ಣ ಚಲನೆ ಆಯಿತು. ಆಯಿತೋ ಇಲ್ಲವೋ ಎನ್ನುವಷ್ಟು ಸಣ್ಣದು. ಆದರೆ ಆಯಿತು. ಆಮೇಲೆ ಭಾವ "ಉಮಾ, ಉಮಾ" ಎಂದು ಕರೆಯುವುದು ಕೇಳಿಸುತ್ತಲೇ ಇತ್ತು, ಅವನ ಕೈಗಳು ಸ್ಟೀರಿಂಗಿನ ಮೇಲೆ ಕಲಿತ ಪಾಠ ಒಪ್ಪಿಸುತ್ತಲೇ ಇದ್ದವು.

ದೂರು ಕೇಳುವ ನಾಗರಿಕ ಮಂಡಳಿಯ ಕಚೇರಿ ಹಲ್ಲಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿತ್ತು. ಕೆಳಗಿನಿಂದ ಹಲ್ಲು ಕೊರೆಯುವ ಯಂತ್ರದ ಸಣ್ಣ ಕೀರಲು ನೆಲವನ್ನು ದಾಟಿ ಬರುತ್ತಿತ್ತು. ಸರ್ಕಾರದ ಎದುರು ಸತ್ಯ ಹೇಳಲು ಬಂದವರಿಗೆ ಇದಕ್ಕಿಂತ ತಕ್ಕ ಹಿನ್ನೆಲೆ ಸಂಗೀತ ಸಿಗಲಾರದು. ಮೊದಲು ಭಾವನನ್ನು ಒಳಗೆ ಕರೆದರು. ಇಬ್ಬರನ್ನೂ ಬೇರೆ ಬೇರೆ ವಿಚಾರಿಸುತ್ತಾರೆ ಎಂದಾಗ ಭಾವ ಮೆಚ್ಚುಗೆಯಿಂದ ತಲೆಯಾಡಿಸಿದ್ದರು. "ಸಾಕ್ಷಿಗಳನ್ನು ಒಟ್ಟಿಗೆ ಕೂರಿಸ್ಬಾರ್ದು. ಬಾಣಲೆಗೆ ಒಂದೊಂದೇ ಬೋಂಡ ಬಿಡ್ಬೇಕು." ಪೊಲೀಸಿನವನ ಮೇಲೆ ದೂರು ಕೊಡುವುದು ಅವರಿಗೆ ಮೊದಲು ಒಪ್ಪಿಗೆ ಇರಲಿಲ್ಲ. ಎರಡು ಗಂಟೆ ಕೈಕೋಳ ಹಾಕಿಸಿಕೊಂಡು ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಂದ ಮೇಲೂ, "ಹುಡುಗ ಹೊಸಬ, ಹೆದರಿದ," ಎಂದು ಬಿಟ್ಟಿದ್ದರು. ಆಮೇಲೆ ನಿಶಾ ಆ ಪೊಲೀಸನು ಬರೆದ ವರದಿ ತರಿಸಿ ಓದಿ ಹೇಳಿದಳು: ಮೂರು ಸಲ ಸ್ಪಷ್ಟವಾಗಿ ಎಚ್ಚರಿಸಲಾಯಿತು, ವ್ಯಕ್ತಿ ಆಕ್ರಮಣಕಾರಿಯಾಗಿ ಮುನ್ನುಗ್ಗಿದ, ಪ್ರತಿರೋಧಿಸಿದ, ಅಗತ್ಯವಿದ್ದಷ್ಟೇ ಬಲ ಬಳಸಲಾಯಿತು. ಭಾವ ಇನ್ನೊಮ್ಮೆ ಓದಿಸಿದರು. ಮತ್ತೊಮ್ಮೆ. ಕನ್ನಡಕ ತೆಗೆದು ಒರೆಸುತ್ತ, "ಒಳ್ಳೇ ಬರವಣಿಗೆ. ಇದು ನಂದೇ ಬರವಣಿಗೆ," ಎಂದರು. ಮರುದಿನ ಬೆಳಿಗ್ಗೆ ದೋಸೆ ತಿನ್ನುವಾಗ, ಹೇಳಿಕೆ ಕೊಡುತ್ತೇನೆ, ಊರಿನ ಟಿಕೆಟ್ ಮುಂದೆ ಹಾಕಿಸು ಎಂದರು. ಮುಖದಲ್ಲಿ ಕೋಪ ಇರಲಿಲ್ಲ. ತನ್ನದೇ ಕೈಬರಹದಲ್ಲಿ ತನಗೇ ಬಂದ ಸಮನ್ಸು ನೋಡಿದವರ ಹಾಗೆ ಇದ್ದರು.

ಭಾವ ಹೊರಗೆ ಬಂದಾಗ ಹಗುರಾಗಿದ್ದರು. ಮಡಚಿದ ಕೈಯ ಮೇಲೆ ಎಡಗೈ ಇಟ್ಟುಕೊಂಡು ಕುರ್ಚಿಯಲ್ಲಿ ಕೂತು, "ಹೋಗು, ಒಳ್ಳೇ ಹೆಂಗ್ಸು. ಕುಡಿಲಿಕ್ಕೆ ನೀರೂ ಕೊಟ್ಳು," ಎಂದರು. ತನಿಖಾಧಿಕಾರಿ ಡೆಲ್ಗಾಡೊಗೆ ನಲವತ್ತರ ಆಸುಪಾಸು, ಬೆಳ್ಳಗಾಗುತ್ತಿರುವ ಕೂದಲಿಗೆ ಪೆನ್ಸಿಲು ಸಿಕ್ಕಿಸಿದ್ದಳು. ಮೊದಲು ವೀಡಿಯೋ ತೋರಿಸಿದಳು. ಪೊಲೀಸನ ಎದೆಯ ಕ್ಯಾಮೆರಾ. ಗುಂಡಿ ಒತ್ತುವುದಕ್ಕೆ ಮುಂಚಿನ ಸ್ವಲ್ಪ ಹೊತ್ತಿನ ಚಿತ್ರವನ್ನು ಅದು ಉಳಿಸಿಕೊಳ್ಳುತ್ತದೆ, ಶಬ್ದವನ್ನು ಉಳಿಸಿಕೊಳ್ಳುವುದಿಲ್ಲ ಎಂದಳು. ಮೌನದಲ್ಲಿ ಭಾವ ಕಾರಿನಿಂದ ಇಳಿದರು, ಮೌನದಲ್ಲಿ ನಡೆದು ಬಂದರು, ನಕ್ಕರು. ಆ ನಗು ಅವನು ನೋಡಿರಲಿಲ್ಲ. ಕನ್ನಡಿಯಲ್ಲಿ ಬೆನ್ನು ಮಾತ್ರ ಕಂಡಿತ್ತು. ಬೇರೆ ಊರಿನ ಸ್ಟೇಷನ್ನಿಗೆ ಹೊಸದಾಗಿ ವರ್ಗವಾಗಿ ಬಂದವರ, ಸ್ವಲ್ಪ ನಾಚಿಕೆಯ ನಗು. ಆಮೇಲೆ ಆಕಾಶ, ಡಾಂಬರು, ಆಮೇಲೆ ಒಮ್ಮೆಲೇ ಶಬ್ದ: ಉಮಾ, ಉಮಾ. ಡೆಲ್ಗಾಡೊ ಅಲ್ಲಿಗೆ ನಿಲ್ಲಿಸಿದಳು. ಚಿತ್ರದ ಮೂಲೆಯಲ್ಲಿ, ಕಾರಿನ ಹಿಂದಿನ ಗಾಜಿನ ಆಚೆ, ಅಲುಗದ ಒಂದು ತಲೆ ಇತ್ತು. ತನ್ನದು. ತಲೆಯ ಹಿಂಭಾಗದಲ್ಲಿ ಕೂದಲು ಇಷ್ಟು ಉದುರಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ವರದಿಯ ಪ್ರಕಾರ ಮೂರು ಸಲ ಎಚ್ಚರಿಕೆ ಕೊಟ್ಟಿದ್ದಾರೆ. ನಿಮಗೆ ಏನು ಕೇಳಿಸಿತು?" ಎಂದು ಡೆಲ್ಗಾಡೊ ಕೇಳಿದಳು. ಕೊರೆಯುವ ಯಂತ್ರ ನಿಂತಿತ್ತು. ಕೆಳಗೆ ಯಾರೋ ಬಾಯಿ ಮುಕ್ಕಳಿಸುತ್ತಿರಬೇಕು. ಒಂದು ಸಲ ಕೂಗಿದ ಎಂದರೆ ಮುಂದಿನ ಪ್ರಶ್ನೆ ಅವನಿಗೆ ಕಾಣುತ್ತಿತ್ತು, ಎದುರು ದಿಕ್ಕಿನಿಂದ ಬರುವ ಲಾರಿಯಷ್ಟು ದೊಡ್ಡದಾಗಿ: ನಿಮಗೆ ಕೇಳಿಸಿತು ಎಂದಾದರೆ ಅವರಿಗೆ ನೀವು ಯಾಕೆ ಹೇಳಲಿಲ್ಲ? ಏನೂ ಕೇಳಿಸಲಿಲ್ಲ ಎಂದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಪೊಲೀಸನು ಸುಳ್ಳ ಎಂದಾಗುತ್ತದೆ. ಸುಳ್ಳನೇ ಅಲ್ಲವೇ, ಮೂರು ಎಂದು ಬರೆದವನು? ಭಾವನಿಗೆ ನ್ಯಾಯ ಸಿಗುತ್ತದೆ, ನಿಶಾಗೆ ಅಪ್ಪನ ಬಗ್ಗೆ ಹೆಮ್ಮೆಯಾಗುತ್ತದೆ. ಒಂದು ಸಣ್ಣ ಸುಳ್ಳಿನ ಕೆಳಗೆ ಇಷ್ಟೊಂದು ಜನ ನೆರಳಿಗೆ ನಿಲ್ಲಬಹುದೆಂದರೆ ಅದನ್ನು ಹೇಳದಿರುವುದೇ ಸ್ವಾರ್ಥ ಎನ್ನಿಸಿತು. ಮೂಲ ಕಾರಣ: ಕಂಡುಬಂದಿಲ್ಲ. "ಏನೂ ಕೇಳಿಸಲಿಲ್ಲ," ಎಂದ. "ಒಂದು ಸಲವೂ?" "ಒಂದು ಸಲವೂ ಇಲ್ಲ." ಅವಳು ಕೂದಲಿನಿಂದ ಪೆನ್ಸಿಲು ತೆಗೆದು ಏನನ್ನೋ ಗೀಚಿ, ಬಹಳ ಮೃದುವಾಗಿ ಥ್ಯಾಂಕ್ಸ್ ಹೇಳಿದಳು. ಆ ಮೃದುತ್ವ ಅವನಿಗೆ ಹಿಡಿಸಲಿಲ್ಲ. ಕಂಪನಿಯಲ್ಲಿ ತಪ್ಪು ಮಾಡಿದ ಹುಡುಗರಿಗೆ ಅವನೂ ಅಷ್ಟೇ ಮೃದುವಾಗಿ ಥ್ಯಾಂಕ್ಸ್ ಹೇಳುತ್ತಿದ್ದ.

ಕಾರು ಹೆದ್ದಾರಿ ಹತ್ತುವವರೆಗೆ ಭಾವ ಹಲ್ಲಿನ ಆಸ್ಪತ್ರೆಯ ಮೀನಿನ ತೊಟ್ಟಿಯ ಬಗ್ಗೆ ಮಾತಾಡಿದರು. ಇಷ್ಟಿಷ್ಟೇ ಮೀನು, ಸಾರಿಗೂ ಆಗದು ಎಂದರು. ಆಮೇಲೆ, ಕಿಟಕಿಯ ಹೊರಗೆ ನೋಡುತ್ತ, "ಎಂತ ಹೇಳಿದೆ?" ಎಂದರು.

"ಏನೂ ಕೇಳಿಸ್ಲಿಲ್ಲ ಅಂತ."

ಭಾವ ತಿರುಗಿದರು. "ಏನೂ ಅಂದ್ರೆ?"

"ಅವ ಕೂಗಲೇ ಇಲ್ಲ ಅಂತ. ನಿಮ್ಮ ಒಳ್ಳೇದಕ್ಕೇ ಭಾವ."

"ನಾನು ಹೇಳಿದೆ, ಒಂದು ಸಲ ಕೂಗಿದ ಅಂತ."

"ಯಾಕೆ ಹೇಳಿದ್ರಿ?"

"ಕೂಗಿದ್ದ. ಎಂತ ಅಂತ ನಂಗೆ ಗೊತ್ತಾಗ್ಲಿಲ್ಲ, ಆದ್ರೆ ಕೂಗಿದ್ದ." ಅವರು ಬಲಗೈಯ ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡರು. "ನೋಡು, ಹೇಳಿಕೆಯಲ್ಲಿ ನಮಗೇ ವಿರುದ್ಧವಾದ ಒಂದು ಮಾತಾದ್ರೂ ಇರ್ಬೇಕು. ಎಲ್ಲ ನಮ್ಮ ಕಡೆಗೇ ಇದ್ರೆ ಅದು ಬರೆಸಿದ ಹೇಳಿಕೆ ಅಂತ ಯಾರಿಗೂ ಗೊತ್ತಾಗ್ತದೆ. ಒಂದು ಸಲ ಕೂಗಿದ, ನಾನು ನಿಂತೆ, ಸಲ್ಯೂಟ್ ಹೊಡೆದೆ, ಆಮೇಲೆ ಬೀಳಿಸಿದ. ಮೂರಲ್ಲ, ಒಂದು. ಆ ಒಂದರಲ್ಲೇ ಅವನನ್ನು ಹಿಡೀಬೇಕಿತ್ತು." ನಕ್ಕರು, ಸದ್ದಿಲ್ಲದೆ. "ಈಗ ಅವ ಗೆದ್ದ. ನಾನು ಸುಳ್ಳ, ಇಲ್ಲ ನೀನು ಸುಳ್ಳ. ಎರಡರಲ್ಲೊಂದು."

ಉಮಾನಾಥ ವೇಗಮಾಪಕ ನೋಡಿದ. ಎಲ್ಲವೂ ಮಿತಿಯಲ್ಲಿತ್ತು. ನಾಳೆ ನಿಶಾ ಫೋನ್ ಮಾಡುತ್ತಾಳೆ, ಅವಳಿಗೆ ಎಲ್ಲ ಗೊತ್ತಾಗುತ್ತದೆ, ಅವಳು ಬೈಯುವುದಿಲ್ಲ, ಉಪ್ಪಿನಕಾಯಿ ಕೇಳುವ ಸ್ವರದಲ್ಲಿ ಬೇರೇನೋ ಕೇಳುತ್ತಾಳೆ. ಪಕ್ಕದ ಸೀಟಿನಿಂದ, ಸ್ಟೇಷನ್ನಿನ ಒಳಕೋಣೆಯಲ್ಲಿ ಕೊನೆಗೆ ಕೇಳುವ ಪ್ರಶ್ನೆಯಂತೆ, ಏರದೆ ಇಳಿಯದೆ ಒಂದು ಮಾತು ಬಂತು: "ನಿಂಗೆ ಕೇಳಿಸಿತ್ತಾ ಉಮಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಕನ್ನಡಿ ಪೂರ್ತಿ ಕೆಂಪಾಯಿತು, ನೀಲಿಯಾಯಿತು. ಸೈರನ್ನು ಒಮ್ಮೆ ಕೂಗಿ ನಿಂತಿತು. ಏನು ತಪ್ಪಾಯಿತು, ಎಲ್ಲಿ, ಎಂದು ಹುಡುಕುತ್ತಲೇ ಅವನು ಕಾರನ್ನು ರಸ್ತೆಯಂಚಿಗೆ ತಂದ, ಎಂಜಿನ್ ಆರಿಸಿದ, ಕಿಟಕಿ ಇಳಿಸಿದ, ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟ. ಪಕ್ಕದಲ್ಲಿ ಏನೋ ಅಲುಗಿದಂತಾಗಿ ನೋಡಿದ. ಭಾವ ಎರಡೂ ಕೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದರು, ಅಂಗೈ ಕೆಳಗೆ, ಹತ್ತೂ ಬೆರಳು ಬಿಡಿಸಿ. ಹೊಟ್ಟೆಗಿಂತ ಮೇಲೆ ಏಳದಿದ್ದ ಬಲಗೈಯೂ ಅಲ್ಲಿಗೆ ಹೋಗಿತ್ತು. ತುಟಿ ಕಚ್ಚಿ ಹಿಡಿದು ಅದನ್ನು ಅಲ್ಲಿ ನಿಲ್ಲಿಸಿದ್ದರು. ಯಾರು ಕಲಿಸಿದರು? ಯಾರೂ ಕಲಿಸಿರಲಿಲ್ಲ, ಅವನೂ ಕಲಿಸಿರಲಿಲ್ಲ. ಖಾಲಿ ಜೇಬು ಉಸಿರಿನ ಜೊತೆ ಉಬ್ಬಿ ಇಳಿಯುತ್ತಿತ್ತು.

ಪೊಲೀಸ್ ಕಾರು ಇವರನ್ನು ದಾಟಿ, ಮುಂದೆ ಹೋಗುತ್ತಿದ್ದ ಇನ್ಯಾರನ್ನೋ ಹಿಡಿಯಲು ಹೋಗಿಬಿಟ್ಟಿತು. ದೀಪ ಸಣ್ಣದಾಗುತ್ತ, ತಿರುವಿನಲ್ಲಿ ಆರಿತು. ಲಾರಿಗಳು ಹಾದು ಹೋದಾಗಲೆಲ್ಲ ಕಾರು ತೊಟ್ಟಿಲಿನಂತೆ ಅಲ್ಲಾಡಿತು. ಭಾವ ಎದುರಿನ ಗಾಜನ್ನೇ ನೋಡುತ್ತಿದ್ದರು.

"ತೆಗೀಬಹುದಾ?" ಎಂದು ಕೇಳಿದರು. ಬೆಳಗಿನ 'ಸರ್'ನಲ್ಲಿದ್ದ ತಮಾಷೆ ಅದರಲ್ಲಿರಲಿಲ್ಲ.

ತೆಗೀರಿ ಭಾವ. ಎರಡೇ ಮಾತು. ನಾಲಿಗೆಯ ಮೇಲೆ ಬಂದು ನಿಂತವು. ಉಮಾನಾಥ ಒಂದು ಕ್ಷಣ ಸುಮ್ಮನಿದ್ದ. ಇದು ಅದೇ ಕ್ಷಣ ಎಂದು ಅವನಿಗೆ ಗೊತ್ತಾಯಿತು. ಉತ್ತರ ಸಿಕ್ಕವರಂತೆ ಭಾವನಿಗೂ ಗೊತ್ತಾಯಿತು. ಅವರು ತಿರುಗಿ ನೋಡಲಿಲ್ಲ. ಡ್ಯಾಶ್‌ಬೋರ್ಡನ್ನು ಒತ್ತಿದ್ದ ಅವರ ಬೆರಳ ತುದಿಗಳು ಮಾತ್ರ ನಿಧಾನವಾಗಿ ಬಿಳಿಚಿಕೊಂಡವು.